ನಡಕ ಬಿಚ್ಚಿದ ಟ್ರ್ಯಾಕ್ಟರು

ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ನಿಲ್ಲಿಸಿತೆಂದರೆ ಬೀಳಗಿ ಸೀಮೆಯ ತೋಟದ ಮನೆಗಳ ಮುಂದೆ ಇನ್ನೊಂದು ಹಂಗಾಮು ಸುರುವಾಗುತ್ತದೆ. ದೀಪಾವಳಿ ಆಸುಪಾಸಿನಿಂದ ಹಗಲು ರಾತ್ರಿ ಎರಡೆರಡು ಟ್ರಾಲಿ ಕಬ್ಬು ಎಳೆದು ಸೋತ ಟ್ರ್ಯಾಕ್ಟರುಗಳು ಬೇವಿನ ನೆರಳಿಗೆ ಬಂದು ನಿಲ್ಲುತ್ತವೆ. ಬಾನೆಟ್ಟು ಗೋಡೆಗೆ ಆನಿಸಿರುತ್ತದೆ. ಹಳೆಯ ಗೊಬ್ಬರದ ಚೀಲದ ಮೇಲೆ ಪಾನಾಗಳು ಸಾಲಾಗಿ ಮಲಗಿರುತ್ತವೆ. ಬೋಗುಣಿಯ ಡೀಸೆಲ್‌ನಲ್ಲಿ ನಟ್ಟು ಬೋಲ್ಟು ನೆನೆಯುತ್ತಿರುತ್ತವೆ. ಏನು ಕೆಲಸ ಅಂತ ಕೇಳಿದರೆ ಮಿಸ್ತ್ರಿ ತಲೆ ಎತ್ತದೆಯೇ ಹೇಳುತ್ತಾನೆ: "ನಡಕ ಬಿಚ್ಚಾಕತ್ತೀವ್ರಿ."

ಹೊರದೇಶಗಳಲ್ಲಿ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿದವರು ಮನೆಯ ಗ್ಯಾರೇಜಿನಲ್ಲೇ ಎಂಜಿನ್ ಇಳಿಸಿ ರಿಪೇರಿ ಮಾಡಿಕೊಳ್ಳುತ್ತಾರೆ. ಪೋರ್ಶೆ 911ರಂಥ ಕಾರಿನ ಎಂಜಿನ್ ಹಿಂಭಾಗದಲ್ಲಿದೆ. ಅದನ್ನು ಜಾಕಿನ ಮೇಲೆ ಕೆಳಗಿಳಿಸಿ, ಕಾರನ್ನು ಎತ್ತರಿಸಿ, ಅಡಿಯಿಂದ ಎಳೆದುಕೊಳ್ಳುವುದು ವಾಡಿಕೆ. ಎಂಜಿನ್ ಹೋದರೂ ಕಾರು ಕಾರಾಗಿಯೇ ನಿಂತಿರುತ್ತದೆ. ನಮ್ಮ ಜಮಖಂಡಿ, ಮುಧೋಳ, ಬೀಳಗಿಯ ಅಂಗಳಗಳಲ್ಲಿ ನಡೆಯುವ ಕೆಲಸದ ಪರಿ ಬೇರೆ. ಟ್ರ್ಯಾಕ್ಟರಿನ ಎಂಜಿನ್ ತೆಗೆದರೆ ಮುಂಭಾಗವನ್ನು ಹಿಡಿದು ನಿಲ್ಲಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಯಾಕೆಂದರೆ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಲಾರಿಯ ಹಾಗೆ ಚಾಸಿ ಇರುವುದಿಲ್ಲ. ಮುಂದಿನ ಅಚ್ಚು ಎಂಜಿನ್ನಿಗೆ, ಎಂಜಿನ್ ಕ್ಲಚ್ ಹೌಸಿಂಗಿಗೆ, ಅದು ಗೇರ್ ಪೆಟ್ಟಿಗೆಗೆ, ಕಡೆಗೆ ಹಿಂದಿನ ಅಚ್ಚಿಗೆ, ಹೀಗೆ ಎರಕದ ಕಬ್ಬಿಣದ ತುಂಡುಗಳೇ ಒಂದಕ್ಕೊಂದು ಬೋಲ್ಟ್ ಹಾಕಿಸಿಕೊಂಡು ಬೆನ್ನೆಲುಬಾಗಿರುತ್ತವೆ. 1917ರಲ್ಲಿ ಹೆನ್ರಿ ಫೋರ್ಡ್ ಫೋರ್ಡ್‌ಸನ್ ಟ್ರ್ಯಾಕ್ಟರನ್ನು ಈ ರೀತಿಯಲ್ಲಿ ರಾಶಿಗಟ್ಟಲೆ ತಯಾರಿಸಿ ಲೋಕಕ್ಕೆ ಹಬ್ಬಿಸಿದ. ಸರಿಯಾಗಿ 50 ವರ್ಷದ ನಂತರ, 1967ರಲ್ಲಿ, ಲೋಟಸ್ 49 ಎಂಬ ರೇಸ್ ಕಾರು ಇದೇ ಉಪಾಯದಿಂದ ಹೆಸರು ಮಾಡಿತು. ಚಾಲಕ ಕೂರುವ ತೊಟ್ಟಿಯ ಹಿಂದೆ ನೇರವಾಗಿ ಎಂಜಿನ್, ಎಂಜಿನ್ನಿನ ಬೆನ್ನಿಗೇ ಗೇರ್ ಪೆಟ್ಟಿಗೆ, ಹಿಂದಿನ ಗಾಲಿಗಳ ಭಾರವೆಲ್ಲ ಅವುಗಳ ಮೇಲೆ. ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಜಿಮ್ ಕ್ಲಾರ್ಕ್ ಅದನ್ನು ಮೊದಲ ರೇಸಿನಲ್ಲೇ ಗೆಲ್ಲಿಸಿದ. ಆ ಎಂಜಿನ್ನಿಗೆ ದುಡ್ಡು ಹಾಕಿದ್ದೂ ಫೋರ್ಡ್ ಕಂಪನಿಯೇ. ಕಬ್ಬಿನ ಟ್ರ್ಯಾಕ್ಟರ್ ಸ್ಪೋರ್ಟ್ಸ್ ಕಾರಿಗೆ ದೂರದ ನೆಂಟ ಎಂದರೆ ನಗುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಈ ಭಾಗದ ಹಳೆಯ ಚಾಲಕರ ಎದುರು ಎಚ್‌ಎಂಟಿ 5911 ಎಂದು ಹೇಳಿ ನೋಡಿ, ಮುಖ ಅರಳುತ್ತದೆ. ಬೆಂಗಳೂರಿನ ಕೈಗಡಿಯಾರದ ಎಚ್‌ಎಂಟಿಯೇ ಚೆಕೊಸ್ಲೊವಾಕಿಯಾದ ಝೀಟರ್ ಕಂಪನಿಯ ನೆರವಿನಿಂದ 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಮಾಡಲು ತೊಡಗಿತ್ತು. ಆ ಮನೆತನದ 5911ಕ್ಕೆ ನಾಲ್ಕು ಸಿಲಿಂಡರ್, 59 ಅಶ್ವಶಕ್ತಿ. ಕಬ್ಬು ಎಳೆಯುವುದಕ್ಕೆ ಹೇಳಿ ಮಾಡಿಸಿದ್ದು. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರಕ್ಕೂ ಟ್ರ್ಯಾಕ್ಟರಿಗೂ ಒಂದೇ ವರ್ಷ ಬಾಗಿಲು ಹಾಕಿಸಿತು. ಗಡಿಯಾರ ನೆನಪಿನ ವಸ್ತುವಾಯಿತು. ಟ್ರ್ಯಾಕ್ಟರು ಹಾಗಲ್ಲ, ಕಂಪನಿ ಇಲ್ಲದಿದ್ದರೂ ಬಿಚ್ಚಿ ಕೂಡಿಸುವ ಕೈ ಇರುವವರೆಗೆ ಓಡುತ್ತದೆ.

ಎಲ್ಲ ರೋಗಕ್ಕೂ ಎಂಜಿನ್ ಇಳಿಸಬೇಕಿಲ್ಲ. ರಿಂಗು, ಪಿಸ್ಟನ್, ಲೈನರು ಬದಲಿಸುವುದಿದ್ದರೆ ಹೆಡ್ಡು ಮತ್ತು ಅಡಿಯ ಆಯಿಲ್ ಚೇಂಬರ್ ಬಿಚ್ಚಿದರೆ ಸಾಮಾನ್ಯವಾಗಿ ಆದೀತು. ಕ್ಲಚ್ ಪ್ಲೇಟು ಸವೆದರೆ ನಡಕ ಬಿಚ್ಚಲೇಬೇಕು, ಅಂದರೆ ಎಂಜಿನ್ನನ್ನೂ ಗೇರ್ ಪೆಟ್ಟಿಗೆಯನ್ನೂ ನಡುವಿನಲ್ಲಿ ಬೇರ್ಪಡಿಸಬೇಕು. ಕ್ಲಚ್ ಸವೆಯುವುದಕ್ಕೆ ಕಬ್ಬೊಂದೇ ಕಾರಣ ಅಂತ ಮಾಲೀಕ ಆಣೆ ಮಾಡಿ ಹೇಳಿದರೂ ನಂಬಬೇಡಿ; ಜಾತ್ರೆಗಳಲ್ಲಿ ಟ್ರಾಲಿ ಹಚ್ಚಿದ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ಪಂದ್ಯಗಳೂ ಇವೆಯಲ್ಲ. ಕ್ರ್ಯಾಂಕು ಸವೆದು ಗ್ರೈಂಡಿಂಗಿಗೆ ಕಳಿಸುವ ಹೊತ್ತು ಬಂದರೆ ಮಾತ್ರ ಎಂಜಿನ್ ಪೂರ್ತಿ ಇಳಿಯಬೇಕು. ಅದಕ್ಕೆ ಮೂರು ದಪ್ಪ ಪೈಪುಗಳ ತುದಿ ಕೂಡಿಸಿ ನಿಲ್ಲಿಸಿ ಚೈನ್ ಕಪ್ಪಿ ತೂಗುಹಾಕುತ್ತಾರೆ. ಕೆಲವರು ಬೇವಿನ ಕೊಂಬೆಗೇ ಕಪ್ಪಿ ಕಟ್ಟುವುದುಂಟು. ಅದು ನನಗೆ ಸರಿಕಾಣುವುದಿಲ್ಲ. ಅಷ್ಟು ಭಾರದ ಕಬ್ಬಿಣದ ಕೆಳಗೆ ಕೈಯಿಡುವವನಿಗೆ ಕೊಂಬೆಯ ಒಳಗಿನ ಹುಳುಕು ಕಾಣುವುದಿಲ್ಲ.

ನಡು ಬಿಚ್ಚುವ ಕೆಲಸದ ಗುಟ್ಟು ಎರಡು ಕಟ್ಟಿಗೆ ತುಂಡಿನಲ್ಲಿದೆ. ಮುಂದಿನ ಅಚ್ಚು ನಟ್ಟನಡುವೆ ಒಂದೇ ಪಿನ್ನಿನ ಮೇಲೆ ಕೂತಿರುತ್ತದೆ, ಬದು ಹತ್ತಿ ಇಳಿಯುವಾಗ ಎಡಬಲಕ್ಕೆ ತೂಗಲಿ ಎಂದು. ಹಿಂದಿನ ಭಾಗ ಜೊತೆಗಿರುವ ತನಕ ಇದರಿಂದ ತೊಂದರೆಯಿಲ್ಲ. ಬೇರ್ಪಟ್ಟ ಕ್ಷಣಕ್ಕೆ ಎಂಜಿನ್ ಆ ಪಿನ್ನಿನ ಮೇಲೆ ತಕ್ಕಡಿಯಂತಾಗಿ ಒಂದು ಮಗ್ಗುಲಿಗೆ ಉರುಳುತ್ತದೆ. ಅದಕ್ಕೇ ಬೋಲ್ಟ್ ಮುಟ್ಟುವ ಮೊದಲು ಅಚ್ಚಿನ ಎರಡೂ ಬದಿಗೆ ಜಾಲಿಯ ಬೆಣೆ ಬಡಿಯುತ್ತಾರೆ. ಬ್ಯಾಟರಿ ತಂತಿ, ಡೀಸೆಲ್ ಪೈಪು, ಸ್ಟೇರಿಂಗಿನ ರಾಡು ಬಿಡಿಸಿದ್ದಾಯಿತು. ಗೇರ್ ಪೆಟ್ಟಿಗೆಯ ಕೆಳಗೆ ಜಾಕು ಮತ್ತು ಕಟ್ಟಿಗೆಯ ದಿಮ್ಮಿ, ಎಂಜಿನ್ನಿನ ಹಿಂತುದಿಗೆ ಇನ್ನೊಂದು ಜಾಕು, ಹಿಂದಿನ ದೊಡ್ಡ ಗಾಲಿಗಳಿಗೆ ಕಲ್ಲು. ಕೊನೆಯ ಬೋಲ್ಟು ಬಂದ ಮೇಲೆ ನಾಲ್ಕು ಮಂದಿ ಮುಂದಿನ ಗಾಲಿಗೆ ಕೈ ಹಚ್ಚುತ್ತಾರೆ. ಮೊದಲು ಒಂದು ಬೆರಳಿನಷ್ಟು ಸಂದು. ಅದರೊಳಗಿಂದ ಸುಟ್ಟ ಕ್ಲಚ್ಚಿನ ಕಮಟು ವಾಸನೆ. ಆಮೇಲೆ ಒಂದು ಮಾರು ದೂರ.

ಬಿಚ್ಚುವುದು ಯಾರಿಗಾದರೂ ಬಂದೀತು. ಕೂಡಿಸುವಾಗ ಮಿಸ್ತ್ರಿಯ ಕೈಗುಣ ಗೊತ್ತಾಗುತ್ತದೆ. ಗೇರ್ ಪೆಟ್ಟಿಗೆಯಿಂದ ಚಾಚಿರುವ ಹಲ್ಲಿನ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳಲ್ಲಿ ನೇರ ಹೊಗಬೇಕು. ಪ್ಲೇಟು ಕೂದಲೆಳೆಯಷ್ಟು ಸರಿದು ಕೂತಿದ್ದರೂ ಹೊಗುವುದಿಲ್ಲ. ಗುಜರಿಯ ಹಳೆಯ ಶಾಫ್ಟೊಂದನ್ನು ಅಳತೆಗೆ ತೂರಿಸಿ ಪ್ಲೇಟನ್ನು ನಡುಮಧ್ಯಕ್ಕೆ ತಂದು ಬಿಗಿದಿರುತ್ತಾರೆ. ಆದರೂ ಕೊನೆಯ ಎರಡು ಇಂಚು ಹಟ ಹಿಡಿಯುತ್ತದೆ. ಹೊಸಬ ಉದ್ದನೆಯ ಬೋಲ್ಟ್ ಹಾಕಿ ಬಿಗಿದು ಎಳೆಯಲು ನೋಡುತ್ತಾನೆ. ಹೊಸ ಪ್ಲೇಟು ಡೊಂಕಾಗುವುದೋ ಹೌಸಿಂಗು ಬಿರಿಯುವುದೋ ಆಗಲೇ. ಬಲ್ಲವನು ಪಾನಾ ಕೆಳಗಿಟ್ಟು, ಮುಂದಿನ ಪುಲ್ಲಿ ಹಿಡಿದು ಎಂಜಿನ್ನನ್ನು ಕೈಯಿಂದ ಕೂದಲಷ್ಟೇ ತಿರುವಿಸುತ್ತಾನೆ.

"ಹಗೂರಕ ತಿರುವೋ ತಮ್ಮಾ... ನೀವು ನೂಕಬ್ಯಾಡ್ರಿ ಕಾಕಾ, ಬರೇ ಹಿಡಕೊಂಡು ನಿಂದ್ರಿ... ಹಾಂ, ಬಂತ್ ನೋಡ್ರಿ."

ಹಲ್ಲಿಗೆ ಹಲ್ಲು ಸಿಕ್ಕಿದಾಗ ದೊಡ್ಡ ಸದ್ದೇನೂ ಇಲ್ಲ. ಇಡೀ ಮುಂಭಾಗ ತಾನಾಗಿ ಹಿಂದೆ ಜಾರಿ ಬಂದು ಕೂರುತ್ತದೆ.

ಇನ್ನುಳಿದದ್ದು ಪೈಪಿನೊಳಗೆ ಸೇರಿದ ಗಾಳಿ. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರೆ ಮೊದಲು ನೊರೆ, ಆಮೇಲೆ ನೊರೆಯಿಲ್ಲದ ಡೀಸೆಲ್. ಸ್ಕ್ರೂ ಬಿಗಿದು ಚಾವಿ ತಿರುವಿದರೆ ಎರಡು ಸಲ ಕೆಮ್ಮಿ, ಕರಿ ಹೊಗೆ ಉಗುಳಿ ಎಂಜಿನ್ ಹತ್ತಿಕೊಳ್ಳುತ್ತದೆ. ಮಿಸ್ತ್ರಿ ಕ್ಲಚ್ ತುಳಿದು ಗೇರ್ ಹಾಕಿ ನೋಡುವಷ್ಟರಲ್ಲಿ ಮಾಲೀಕನ ತಕರಾರು ಬಂದೇ ಬರುತ್ತದೆ: ಎಲ್ಲ ವೈರು ಕೂಡಿಸಿದಿರಿ, ಟೇಪಿಂದು ಯಾಕ ಬಿಟ್ರಿ?