ಹೊಟ್ಟೆಹುಣ್ಣು ತೂತಾದಾಗ

ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್‌ನಲ್ಲಿ ಇರುವವರಿಗೆ ಆಸ್ಪತ್ರೆಯ ಕೊರತೆಯಿಲ್ಲ. ದ್ವೀಪದಲ್ಲೇ ರೀಮ್ ಹಾಸ್ಪಿಟಲ್ ಇದೆ. ಸೇತುವೆ ದಾಟಿದರೆ ಅಲ್ ಮಾರಿಯಾ ಐಲ್ಯಾಂಡ್‌ನ ಕ್ಲೀವ್‌ಲ್ಯಾಂಡ್ ಕ್ಲಿನಿಕ್. ಆದರೆ ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋಗಿ ಅಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರು ಮೊದಲು ತಡಕುವುದು ಊರಿಂದ ತಂದ ಮಾತ್ರೆಯನ್ನು. ಬೆನ್ನುನೋವಿಗೊಂದು, ತಲೆನೋವಿಗೊಂದು, ಅದೂ ಖಾಲಿ ಹೊಟ್ಟೆಗೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಜಠರದ ಒಳಗೋಡೆಯ ರಕ್ಷಣೆಯನ್ನೇ ಕುಗ್ಗಿಸುತ್ತವೆ. ಸಿಗರೇಟು, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಜೊತೆಗೂಡಿದರೆ ಹುಣ್ಣು ಆಳಕ್ಕಿಳಿದು ಜಠರದ ಇಲ್ಲವೇ ಸಣ್ಣಕರುಳಿನ ಗೋಡೆ ತೂತಾಗಬಹುದು. ಎಮಿರೇಟ್ಸ್‌ನಲ್ಲಿ ಇದು ಹೊಸ ಸಂಗತಿಯಲ್ಲ. ಅಲ್ ಐನ್‌ನ ವೈದ್ಯರು ಇಂಥ ರೋಗಿಗಳ ಮೂಲದೇಶ, ಅಲ್ಲಿನ ಹವೆ, ಉಪವಾಸ ಮೂರನ್ನೂ ಪರಿಶೀಲಿಸಿ 2009ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ.

ತೂತಾದ ಗಳಿಗೆಯನ್ನು ರೋಗಿ ಮರೆಯುವುದಿಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಚೂರಿ ಹಾಕಿದಂಥ ನೋವು. ಕೆಲವರಿಗೆ ಭುಜಕ್ಕೂ ಹಬ್ಬುತ್ತದೆ. ಸೋರಿದ ಆಮ್ಲ ಉದರದ ಒಳಪೊರೆಯನ್ನು ಸುಡುವುದರಿಂದ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ಅಲುಗಾಡಿದರೂ ಜೀವ ಹೋದಂತಾಗುತ್ತದೆ. ನಿಲ್ಲಿಸಿ ಎದೆಯ ಎಕ್ಸ್-ರೇ ತೆಗೆದರೆ ವಪೆಯ ಕೆಳಗೆ ಗಾಳಿಯ ಕಪ್ಪು ಗೆರೆ ಕಾಣಬಹುದು. ಕಾಣದಿದ್ದರೆ ಸಿಟಿ ಸ್ಕ್ಯಾನ್ ಹೇಳುತ್ತದೆ.

ಹಿಂದೆ ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ಯಲೇಬೇಕಿತ್ತು. ಫ್ರಾನ್ಸಿನ ಫಿಲಿಪ್ ಮೂರೆ 1990ರಲ್ಲಿ ಲ್ಯಾಪರೊಸ್ಕೋಪಿಯಿಂದಲೂ, ಅಂದರೆ ಸಣ್ಣ ರಂಧ್ರಗಳ ಕೀಹೋಲ್ ವಿಧಾನದಿಂದಲೂ, ತೂತು ಮುಚ್ಚಬಹುದೆಂದು ವರದಿ ಮಾಡಿದರು. ಈಗ ಹೊಕ್ಕಳ ಬಳಿ ಸುಮಾರು 1 ಸೆಂಟಿಮೀಟರಿನ ರಂಧ್ರದಿಂದ ಕ್ಯಾಮೆರಾ ಒಳಗೆ ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸಲಾಗುತ್ತದೆ, ಇನ್ನೆರಡು ಮೂರು ರಂಧ್ರಗಳಿಂದ ಉಪಕರಣಗಳು. ಹಸಿರು-ಹಳದಿ ಪಿತ್ತ, ಕೀವಿನಂಥ ಪದರ, ಅದರ ನಡುವೆ ಸಣ್ಣಕರುಳಿನ ಆರಂಭದಲ್ಲಿ ಬಹುತೇಕ ಕೆಲವೇ ಮಿಲಿಮೀಟರಿನ ತೂತು. ಅದರ ಮೇಲೆ ಕರುಳನ್ನು ಸೆರಗಿನಂತೆ ಹೊದ್ದಿರುವ ಒಮೆಂಟಮ್ ಎಂಬ ಕೊಬ್ಬಿನ ಪದರದ ತುಂಡೊಂದನ್ನು ಎಳೆದು ಹೊಲಿಗೆಯಲ್ಲಿ ಭದ್ರಪಡಿಸುತ್ತಾರೆ. ಟೊರಾಂಟೊದ ರಾಸ್ಕೋ ಗ್ರಹಾಂ 1937ರಲ್ಲಿ ಪ್ರಚುರಪಡಿಸಿದ ತೇಪೆ ಇದೇ. ಕೀಹೋಲ್ ಬಂದ ಮೇಲೂ ಬದಲಾಗಿಲ್ಲ. ಆಮೇಲೆ ಸಲೈನ್‌ನಿಂದ ಹೊಟ್ಟೆಯ ಮೂಲೆಮೂಲೆ ತೊಳೆಯಬೇಕು. ನನಗೆ ಅತಿ ಮುಖ್ಯವೆನಿಸುವ ಹಂತ ಇದು; ತೇಪೆ ಎಷ್ಟೇ ಚೆಂದವಿದ್ದರೂ ಕೊಳೆ ಉಳಿದರೆ ಸೋಂಕು ಬಿಡುವುದಿಲ್ಲ.

ಗಾಯ ಚಿಕ್ಕದು, ನೋವು ಕಡಿಮೆ. ಆದರೆ ಕೀಹೋಲ್ ಎಲ್ಲರಿಗೂ ಆಗಿಬರುವುದಿಲ್ಲ. ರಕ್ತದೊತ್ತಡ ಕುಸಿದವರಿಗೆ, ತೂತು ದೊಡ್ಡದಾದವರಿಗೆ, ತುಂಬಾ ತಡವಾಗಿ ಬಂದವರಿಗೆ ಹೊಟ್ಟೆ ತೆರೆಯುವುದೇ ಕ್ಷೇಮ. ಡೆನ್ಮಾರ್ಕ್‌ನಲ್ಲಿ 2,600ಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ ಅಧ್ಯಯನವೊಂದರ ಪ್ರಕಾರ ಆಸ್ಪತ್ರೆ ಸೇರಿದ ಮೇಲೆ ಶಸ್ತ್ರಚಿಕಿತ್ಸೆ ತಡವಾದ ಪ್ರತಿ ಗಂಟೆಗೂ ಬದುಕುಳಿಯುವ ಸಾಧ್ಯತೆ ಶೇಕಡಾ 2.4ರಷ್ಟು ಇಳಿದಿತ್ತು. ಮನೆಯಲ್ಲಿ "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿದು ಕಳೆದ ಗಂಟೆಗಳು ಆ ಲೆಕ್ಕದಲ್ಲಿಲ್ಲ.

ಆಪರೇಷನ್ ಮುಗಿದ ಮೇಲೆ ಪೈಲೋರಿ ಪರೀಕ್ಷೆ ಮಾಡಿಸಿ, ಇದ್ದರೆ ಆಂಟಿಬಯಾಟಿಕ್ ಕೋರ್ಸ್ ಪೂರ್ತಿ ಮುಗಿಸಿ; ಮುಗಿಸದಿದ್ದರೆ ಹುಣ್ಣು ಮತ್ತೆ ಬರಬಹುದು. ಇನ್ನು, ಹೊಟ್ಟೆ ಹಠಾತ್ತನೆ ಗಟ್ಟಿಯಾಗಿ ನೋವು ಸಹಿಸಲಾಗದಿದ್ದರೆ ಮತ್ತೊಂದು ಮಾತ್ರೆ ನುಂಗಬೇಡಿ, ನೀರನ್ನೂ ಕುಡಿಯಬೇಡಿ. ಎಮಿರೇಟ್ಸ್‌ನಲ್ಲಿದ್ದರೆ 998, ಕರ್ನಾಟಕದಲ್ಲಿದ್ದರೆ 108ಕ್ಕೆ ಕೂಡಲೇ ಕರೆ ಮಾಡಿ.