ಹುಳುಕು ಪೂರ್ತಿ ಹೋಯಿತೆ?

ಹಲ್ಲಿನ ಕುಳಿಯನ್ನು ತುಂಬಿಸಿಕೊಂಡು ಬಂದ ಮೇಲೂ ನಮ್ಮಲ್ಲಿ ಅನೇಕರನ್ನು ಒಂದು ಶಂಕೆ ಬಾಧಿಸುವುದುಂಟು: ವೈದ್ಯರು ಹುಳುಕನ್ನೆಲ್ಲ ಕೆರೆದು ತೆಗೆದರೋ, ಅವಸರದಲ್ಲಿ ಕೊಂಚ ಉಳಿಸಿಬಿಟ್ಟರೋ?

ಕುಳಿ ಆಳವಾಗಿದ್ದರೆ ಕೊಂಚ ಉಳಿಸುವುದೇ ವಿವೇಕ. ಎನಾಮೆಲ್ ಕವಚದ ಕೆಳಗೆ ಡೆಂಟೀನ್, ಅದರೊಳಗೆ ನರ, ರಕ್ತನಾಳಗಳಿಂದ ಕೂಡಿದ ತಿರುಳು. ಪೂರ್ತಿ ಕೆರೆಯಹೋದರೆ ಈ ತಿರುಳೇ ಬಯಲಾದೀತು. ಆದುದರಿಂದ ಕುಳಿಯ ಅಂಚನ್ನು ಗಟ್ಟಿ ಭಾಗ ಸಿಗುವವರೆಗೆ ಶುದ್ಧಗೊಳಿಸಿ, ತಿರುಳಿನ ಸಮೀಪದ ಮೆದು ಡೆಂಟೀನನ್ನು ಹಾಗೆಯೇ ಬಿಟ್ಟು, ಭದ್ರವಾಗಿ ಮುಚ್ಚುವರು. 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ಮಂಡಲಿಯೊಂದು ಈ ಕ್ರಮವನ್ನೇ ಅನುಮೋದಿಸಿತು. ಒಳಗೆ ಸೆರೆಸಿಕ್ಕ ಬ್ಯಾಕ್ಟೀರಿಯಗಳಿಗೆ ನಾವು ತಿನ್ನುವ ಸಕ್ಕರೆ ದೊರೆಯದು, ಅವು ಕ್ಷೀಣಿಸುವುವು.

ಕೆಲವು ದಿನ ತಣ್ಣೀರಿಗೆ ಹಲ್ಲು ಜುಮ್ಮೆಂದರೆ ಅಂಜಬೇಕಿಲ್ಲ. ನೋವು ತಾನಾಗಿಯೇ ಎದ್ದು ನಿಲ್ಲದಿದ್ದರೆ, ಕಚ್ಚುವಾಗ ತುಂಬಿದ ಭಾಗವೇ ಮೊದಲು ತಾಗಿದರೆ, ಅಥವಾ ಅಂಚು ಬಿಟ್ಟುಕೊಂಡರೆ ವೈದ್ಯರನ್ನು ಮತ್ತೆ ಕಾಣಬೇಕು. ಉಳಿದ ಸಂದೇಹವನ್ನು ಅವರನ್ನೇ ಕೇಳಿ ಪರಿಹರಿಸಿಕೊಳ್ಳೋಣ.