ಪಾದ್ರಿ ಮನೆಗೆ ನೀರು ಹೊತ್ತವರು

ಒಂದು ಅಧ್ಯಯನ ಶಿಬಿರದಲ್ಲಿ ಕಿಟೆಲ್ ನಿಘಂಟಿನ ಬಗ್ಗೆ ಮಾತು ನಡೆದಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಆ ಪುಸ್ತಕವನ್ನು ಮೇಷ್ಟ್ರುಗಳೆಲ್ಲ ಹೊಗಳಿದರು. ಹೊಗಳಬೇಕಾದ್ದೇ. ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗನೊಬ್ಬ ಎದ್ದು, "ಸಾರ್, ಅವರು ಬರೀತಾ ಇದ್ದಾಗ ಅವರ ಮನೆಗೆ ನೀರು ತರ್ತಿದ್ದೋರು ಯಾರು?" ಅಂತ ಕೇಳಿದ. ಕೆಲವರು ನಕ್ಕರು. ಯಾರೂ ಉತ್ತರ ಹೇಳಲಿಲ್ಲ. ಈ ಲೇಖನ ಆ ಹುಡುಗನ ಪ್ರಶ್ನೆಯಿಂದ ಹುಟ್ಟಿದ್ದು.

ಮಿಶನರಿಗಳ ಬಗ್ಗೆ ನಮ್ಮಲ್ಲಿ ಎರಡು ಥರದ ಮಾತು ಚಾಲ್ತಿಯಲ್ಲಿವೆ. ಒಂದು ಸಾಹಿತ್ಯ ಚರಿತ್ರೆಯ ಮಾತು. ಅದರಲ್ಲಿ ಅವರು ನಿಘಂಟು ಮಾಡಿದವರು, ಹಳಗನ್ನಡ ಕಾವ್ಯ ಅಚ್ಚು ಹಾಕಿಸಿದವರು, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದವರು. ಇನ್ನೊಂದು ಮತಾಂತರದ ಕೂಗಿನ ಮಾತು. ಅದರಲ್ಲಿ ಅವರು ಅಕ್ಕಿ ತೋರಿಸಿ ಬಡವರನ್ನು ಕೊಂಡುಕೊಂಡವರು. ಎರಡೂ ಒಂದಕ್ಕೊಂದು ವಿರುದ್ಧ ಅನ್ನಿಸಿದರೂ ಒಂದು ವಿಷಯದಲ್ಲಿ ಒಂದೇ. ಎರಡರಲ್ಲೂ ದಲಿತ ಮಾತಾಡುವುದಿಲ್ಲ. ಮೊದಲನೆಯದರಲ್ಲಿ ಅವನು ಇಲ್ಲವೇ ಇಲ್ಲ. ಎರಡನೆಯದರಲ್ಲಿ ಇದ್ದಾನೆ, ಆದರೆ ಬುದ್ಧಿ ಇಲ್ಲದ, ಮೋಸಹೋಗುವ ಪ್ರಾಣಿಯಾಗಿ. ಆದ್ದರಿಂದ ಮಿಶನರಿಯ ಪುಸ್ತಕವನ್ನು ಪಕ್ಕಕ್ಕಿಟ್ಟು ಅವನ ದಿನಚರಿಯನ್ನು ನೋಡೋಣ. ಎಲ್ಲಿ ಉಂಡ, ಯಾರ ಜೊತೆ ಕೂತ, ಯಾರಿಂದ ಭಾಷೆ ಕಲಿತ, ಯಾರಿಗೆ ಕೂಲಿ ಕೊಟ್ಟ? ಜಾತಿ ಇರುವುದು ತತ್ವದಲ್ಲಲ್ಲ, ಇಂಥ ಕಡೆಗಳಲ್ಲಿ.

1

ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಶುರುವಾಯಿತು. 1833ರ ಚಾರ್ಟರ್ ಕಾಯಿದೆ ಇಂಗ್ಲಿಷರಲ್ಲದ ಮಿಶನರಿಗಳಿಗೂ ಇಂಡಿಯಾದ ಬಾಗಿಲು ತೆರೆಯಿತು. ಮಾರನೇ ವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಆಮೇಲೆ ಮೊಗ್ಲಿಂಗ್, ವೈಗಲ್, ಕಿಟೆಲ್ ಬಂದರು. ಧಾರವಾಡ, ಹುಬ್ಬಳ್ಳಿ, ಕೊಡಗು, ಮಲಬಾರಿನವರೆಗೂ ಠಾಣೆಗಳು ಬೆಳೆದವು.

ಇವರನ್ನೆಲ್ಲ ಒಟ್ಟಾಗಿ 'ಬಿಳಿ ದೊರೆಗಳು' ಎಂದುಬಿಟ್ಟರೆ ತಪ್ಪಾಗುತ್ತದೆ. ಮೊಗ್ಲಿಂಗರಂತೆ ವಿಶ್ವವಿದ್ಯಾಲಯ ಕಂಡವರು ಕೆಲವರೇ. ಬಹಳಷ್ಟು ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಸಣ್ಣ ರೈತರ, ನೇಕಾರರ, ಬಡಗಿಗಳ, ಚಮ್ಮಾರರ ಮನೆಯ ಹುಡುಗರು. ಮಿಶನ್ನಿನ ದುಡ್ಡು ಕೂಡ ಬರೀ ಶ್ರೀಮಂತರಿಂದ ಬಂದದ್ದಲ್ಲ. 1855ರಿಂದ ಅಲ್ಲಿನ ಬಡವರು ವಾರಕ್ಕೊಂದು ಅರೆ ಕಾಸು ಎತ್ತಿಡುವ ಪದ್ಧತಿ ನಡೆಯಿತು. ಅಂದರೆ ಅಲ್ಲಿನ ಹಳ್ಳಿಯ ವಿಧವೆಯೊಬ್ಬಳ ಕಾಸು ಇಲ್ಲಿನ ಶಾಲೆಗೆ ಬಂದು ಬೀಳುತ್ತಿತ್ತು.

ಅವರ ಬದುಕು ಅವರ ಕೈಯಲ್ಲಿರಲಿಲ್ಲ. ಬಾಸೆಲ್ಲಿನ ಕಮಿಟಿ ಒಪ್ಪದೆ ಮದುವೆ ಆಗುವಂತಿರಲಿಲ್ಲ. ಎಷ್ಟೋ ಸಲ ಕಮಿಟಿಯೇ ಹೆಣ್ಣು ನೋಡಿ ಹಡಗು ಹತ್ತಿಸುತ್ತಿತ್ತು. ಗಂಡನ ಮುಖವನ್ನೇ ಸರಿಯಾಗಿ ಕಾಣದ ಹೆಣ್ಣುಮಕ್ಕಳು ಸಮುದ್ರ ದಾಟಿ ಬಂದು ಇಲ್ಲಿ ಸಂಸಾರ ಹೂಡಿದರು. ಹುಟ್ಟಿದ ಮಕ್ಕಳನ್ನು ಆರೇಳು ವರ್ಷಕ್ಕೆ ಬಾಸೆಲ್ಲಿಗೆ ಕಳಿಸಬೇಕಿತ್ತು. ಅದಕ್ಕೆಂದೇ 1853ರಲ್ಲಿ ಅಲ್ಲಿ ಒಂದು ಮಕ್ಕಳ ಮನೆ ತೆರೆದರು. ಕೆಲವು ತಾಯಂದಿರು ಆ ಮಕ್ಕಳನ್ನು ಮತ್ತೆ ನೋಡಲೇ ಇಲ್ಲ. ಕಿಟೆಲ್ ಹೆಂಡತಿ ಪೌಲಿನ್ ಮದುವೆಯಾದ ನಾಲ್ಕನೇ ವರ್ಷಕ್ಕೆ, 1864ರಲ್ಲಿ ತೀರಿಕೊಂಡರು. ಆಮೇಲೆ ಅವರ ತಂಗಿ ಯೂಲಿಯನ್ನು ಕಿಟೆಲ್ ಮದುವೆಯಾದರು. ಜ್ವರ, ಕಾಲರಾ, ಆಮಶಂಕೆ ಪಾದ್ರಿ ಮನೆಯನ್ನೂ ಬಿಡಲಿಲ್ಲ.

ಈ ಕಷ್ಟವನ್ನು ನಾವು ಸಣ್ಣದು ಮಾಡಬಾರದು. ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. ಊರಲ್ಲಿ ಚಮ್ಮಾರನ ಮಗನಾಗಿದ್ದವನು ಮಂಗಳೂರಿನ ಧಕ್ಕೆಯಲ್ಲಿ ಕಾಲಿಟ್ಟ ಗಳಿಗೆಯಿಂದ 'ದೊರೆ'ಯಾದ. ಅವನ ಹೆಂಡತಿ 'ದೊರೆಸಾನಿ'ಯಾದಳು. ಅಡುಗೆಯವನು, ಆಯಾ, ಕುದುರೆ ನೋಡುವವನು, ನೀರಿನವನು ಇದ್ದ ಮನೆಗೆ ಯಜಮಾನನಾದ. ಅವನು ಬೇಡವೆಂದರೂ ಅವನ ಬಣ್ಣ, ಕಲೆಕ್ಟರನ ಸ್ನೇಹ, ನಮ್ಮ ಜಾತಿ ಪದ್ಧತಿ ಮೂರೂ ಸೇರಿ ಅವನನ್ನು ಮೇಲೆ ಕೂರಿಸಿದವು. ಅಲ್ಲಿ ಕೆಳಗಿದ್ದವನು ಇಲ್ಲಿ ಮೇಲಾದದ್ದು ಹೇಗೆ ಅನ್ನುವುದೇ ಜಾತಿ ಮತ್ತು ವಸಾಹತುಶಾಹಿಯ ಸಂಬಂಧ ಅರ್ಥಮಾಡಿಕೊಳ್ಳಲು ಒಳ್ಳೆಯ ಪಾಠ.

2

ಠಾಣೆಯ ದಿನ ಬೆಳಗಿನ ಪ್ರಾರ್ಥನೆಯಿಂದ ಶುರು. ಮನೆಯವರು, ಶಾಲೆಯಲ್ಲೇ ಇರುವ ಮಕ್ಕಳು, ಕೆಲಸದವರು ಎಲ್ಲ ಸೇರಬೇಕು. ಆಮೇಲೆ ಶಾಲೆ. ಆಮೇಲೆ ಭಾಷಾಪಾಠ. ಸಂಜೆ ಪೇಟೆಯಲ್ಲೋ ಕೇರಿಯಲ್ಲೋ ಸಾರುವುದು. ಬೇಸಿಗೆಯಲ್ಲಿ ಊರೂರು ತಿರುಗಾಟ, ಜಾತ್ರೆಗಳಲ್ಲಿ ನಿಂತು ಮಾತಾಡುವುದು, ಮಣ್ಣು ತೂರಿಸಿಕೊಳ್ಳುವುದು, ಬೈಸಿಕೊಳ್ಳುವುದು. ರಾತ್ರಿ ದೀಪದ ಕೆಳಗೆ ಬಾಸೆಲ್ಲಿಗೆ ವರದಿ. ಎಷ್ಟು ಜನ ಬಂದರು, ಎಷ್ಟು ಜನ ಬಿಟ್ಟುಹೋದರು, ಎಷ್ಟು ಖರ್ಚಾಯಿತು, ಎಲ್ಲದಕ್ಕೂ ಲೆಕ್ಕ. ಇನ್ಸ್‌ಪೆಕ್ಟರ್ ಯೋಸೆನ್‌ಹಾನ್ಸ್ 1851-52ರಲ್ಲಿ ತಾವೇ ಇಲ್ಲಿಗೆ ಬಂದು ನೋಡಿ ಹೋದ ಮೇಲೆ ಶಿಸ್ತು ಇನ್ನೂ ಬಿಗಿಯಾಯಿತು.

ಇದರಲ್ಲಿ ಭಾಷಾಪಾಠದ ಹೊತ್ತನ್ನು ಸ್ವಲ್ಪ ನಿಂತು ನೋಡಬೇಕು. ಕಲಿಸಲು ಬರುತ್ತಿದ್ದ ಮುನ್ಷಿ ಸಾಮಾನ್ಯವಾಗಿ ಮೇಲ್ಜಾತಿಯವನು, ಅಕ್ಷರ ಬಲ್ಲವನು. ಅವನು ಕಲಿಸಿದ್ದು ಗ್ರಂಥದ ಕನ್ನಡ. ಮಿಶನರಿ ಮಾತಾಡಬೇಕಾಗಿದ್ದುದು ಬಿಲ್ಲವರ, ಹೊಲೆಯರ, ಕೊರಗರ ಜೊತೆ. ಅವರ ಬಾಯಲ್ಲಿದ್ದುದು ತುಳು, ಅಥವಾ ಆಡುಮಾತಿನ ಕನ್ನಡ. ಬಡವನಿಗೆ ಹೇಳಬೇಕಾದ ಸುದ್ದಿ ಮೊದಲು ಬ್ರಾಹ್ಮಣನ ಬಾಯಿ ಹೊಕ್ಕು ಬರಬೇಕಾಗಿತ್ತು! ಈ ಕಷ್ಟ ಮಿಶನರಿಗಳಿಗೂ ತಿಳಿಯದೆ ಇರಲಿಲ್ಲ. ಗ್ರೈನರ್, ಅಮ್ಮನ್ ಮೊದಲಾದವರು ತುಳುವಿಗೆ ಕೈಹಾಕಿದರು. 1847ರ ಹೊತ್ತಿಗೆ ತುಳುವಿನಲ್ಲಿ ಹೊಸ ಒಡಂಬಡಿಕೆ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು ಬಂತು. ಪಂಡಿತರು ಕೀಳಾಗಿ ಕಂಡ ಮಾತಿಗೆ ಪುಸ್ತಕದ ಮರ್ಯಾದೆ ಸಿಕ್ಕಿತು. ಆದರೆ ಆ ಪದಗಳನ್ನು ಹೇಳಿಕೊಟ್ಟ ಗೇಣಿದಾರರ, ಕೂಲಿಯವರ, ಹೆಣ್ಣುಮಕ್ಕಳ ಹೆಸರು ಯಾವ ಮುಖಪುಟದಲ್ಲೂ ಇಲ್ಲ.

3

ಇನ್ನು ಊಟದ ಮಾತು. ತಮಿಳು ಸೀಮೆಯಲ್ಲಿ ಲೈಪ್ಸಿಗ್ ಮಿಶನ್ನಿನವರು ಜಾತಿಯನ್ನು ಸಾಮಾಜಿಕ ರೂಢಿ ಅಂತ ಸಹಿಸಿಕೊಂಡರು. ಉಳಿದ ಬಹಳಷ್ಟು ಪ್ರಾಟೆಸ್ಟಂಟ್ ಮಿಶನ್ನುಗಳು 1850ರಲ್ಲಿ ಮದರಾಸಿನಲ್ಲಿ ಸೇರಿ, ಜಾತಿ ಬಿಡದವನಿಗೆ ಸಭೆಯಲ್ಲಿ ಜಾಗವಿಲ್ಲ ಎಂದು ತೀರ್ಮಾನಿಸಿದವು. ಬಿಟ್ಟಿದ್ದಾನೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಒಟ್ಟಿಗೆ ಕೂತು ಉಂಡರೆ ಗೊತ್ತಾಗುತ್ತದೆ. ಬಾಸೆಲ್ ಮಿಶನ್ ಇದೇ ಕಡೆ ನಿಂತಿತು. ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿಣ್ಯ 1844ರಲ್ಲಿ ಕ್ರೈಸ್ತರಾದಾಗ ಮಂಗಳೂರಲ್ಲಿ ಗದ್ದಲವೆದ್ದಿತು. ಒಬ್ಬ ಬ್ರಾಹ್ಮಣ ಬಂದರೆ ಎದ್ದಷ್ಟು ಗದ್ದಲ ನೂರು ಬಿಲ್ಲವರು ಬಂದರೂ ಏಳಲಿಲ್ಲ. ಮಿಶನ್ನಿನ ಬರಹಗಳಲ್ಲೂ ಕೌಂಡಿಣ್ಯರಿಗೆ ಸಿಕ್ಕ ಪುಟಗಳು ಉಳಿದವರಿಗೆ ಸಿಗಲಿಲ್ಲ. ಜಾತಿ ಬಿಡಿ ಎಂದವರ ಕಣ್ಣಿಗೂ ಮೇಲ್ಜಾತಿಯ ಒಬ್ಬ ಹೆಚ್ಚು ಬೆಲೆಯವನಾಗಿ ಕಂಡ.

ಆದರೂ ಒಂದು ಬಾವಿ, ಒಂದು ಬೆಂಚು, ಒಂದು ಪಂಕ್ತಿ ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ನಮ್ಮ ಎಷ್ಟೋ ಊರುಗಳಲ್ಲಿ ಅದು ಇವತ್ತಿಗೂ ಸಣ್ಣ ಮಾತಲ್ಲ.

4

ಕ್ರೈಸ್ತನಾದವನನ್ನು ಧಣಿ ಗೇಣಿ ಬಿಡಿಸಿ ಹೊರಗಟ್ಟುತ್ತಿದ್ದ. ಜಾತಿಯವರು ಬಹಿಷ್ಕಾರ ಹಾಕುತ್ತಿದ್ದರು. ಮನೆಯಿಲ್ಲ, ಕೆಲಸವಿಲ್ಲ. ದೇವರ ಮಾತು ಹೇಳಿದವನು ಹೊಟ್ಟೆಗೂ ದಾರಿ ತೋರಿಸಬೇಕಾಯಿತು. ಹೀಗೆ ಮಂಗಳೂರಿನಲ್ಲಿ ನೇಯ್ಗೆ ಶುರುವಾಯಿತು. 1851ರಲ್ಲಿ ಬಂದ ಹಾಲರ್ ಅಲ್ಲಿ ಖಾಕಿ ಬಣ್ಣ ತಯಾರಿಸಿದರೆಂದು ಹೇಳುತ್ತಾರೆ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿಯ ಜೇಡಿ ಮಣ್ಣು 'ಮಂಗಳೂರು ಹೆಂಚು' ಆಗಿ ದೇಶವಿದೇಶಕ್ಕೆ ಹೋಯಿತು.

ಇದರ ಒಳ್ಳೆಯದೇನು? ಕಾಳಿನ ಬದಲು ಕೈಗೆ ಕಾಸು ಬಂತು. ಧಣಿಯ ಅಂಗಳದಲ್ಲಿ ಬಾಗಿ ನಿಲ್ಲುವುದು ತಪ್ಪಿತು. ಜಾತಿ ಕಸುಬಿಗೆ ಸಂಬಂಧವಿಲ್ಲದ ಹೊಸ ಕೆಲಸವೊಂದು ಬಂತು. ಕೆಡುಕೇನು? ಸಂಬಳ ಕೊಡುವವನೂ, ಮನೆ ಕೊಟ್ಟವನೂ, ಮಕ್ಕಳಿಗೆ ಪಾಠ ಹೇಳುವವನೂ, ಪಾಪ ಪುಣ್ಯ ವಿಚಾರಿಸುವವನೂ ಒಂದೇ ಸಂಸ್ಥೆಯಾಯಿತು. ಕುಡಿದರೆ, ಸಾಲ ಮಾಡಿದರೆ, ಹಳೇ ಭೂತಕ್ಕೆ ಕೈಮುಗಿದರೆ ಸಭೆಯಲ್ಲಿ ವಿಚಾರಣೆ. ಪಾದ್ರಿಯ ಮುಂದೆ ಕೂಲಿ ಹೆಚ್ಚಿಸಿ ಅಂತ ಕೇಳುವುದು ಹೇಗೆ? ಕೇಳಿದವನು ಕೆಟ್ಟ ಕೆಲಸಗಾರ ಮಾತ್ರವಲ್ಲ, ಕೆಟ್ಟ ಕ್ರೈಸ್ತನೂ ಆಗುತ್ತಿದ್ದ.

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಹಿಡಿದಿಟ್ಟಿತು, ದೇಶ ಬಿಡಿಸಿತು. ಕಾರ್ಖಾನೆಗಳು ಬೇರೆ ಕೈಗೆ ಹೋದವು. ದೊರೆ ಎನ್ನಿಸಿಕೊಂಡಿದ್ದವನ ಮೇಲೆ ಇನ್ನೊಬ್ಬ ದೊರೆ ಇದ್ದ ಅನ್ನುವುದು ಆಗ ಬಯಲಾಯಿತು.

ಕರಾವಳಿಯಲ್ಲಿ ಈ ಸಭೆಗೆ ಬಂದವರಲ್ಲಿ ಬಿಲ್ಲವರೇ ಹೆಚ್ಚು. ಹೊಲೆಯರಿಗೆ, ಕೊರಗರಿಗೆ ಮುಟ್ಟಿದ್ದು ಕಡಿಮೆ. ಈ ತಿಳಿವು ಊರವರಿಗೂ ಆಗಿತ್ತು. 1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಹೆಸರಲ್ಲೇ ಮಿಶನ್ ಇದೆ, ನೋಡಿ. ಕೊರಗರನ್ನು ಅಜಲು ಪದ್ಧತಿಯಿಂದ ಬಿಡಿಸುವ ಕಾಯಿದೆ ಬರಲು ಮಾತ್ರ 2000ನೇ ಇಸವಿಯವರೆಗೆ ಕಾಯಬೇಕಾಯಿತು.

5

ಪಕ್ಕದ ತೆಲುಗು ನಾಡಿನ ಒಂಗೋಲಿನಲ್ಲಿ ನಡೆದದ್ದು ಬೇರೆ ಥರ. ಎರ್ರಗುಂಟ್ಲ ಪೇರಯ್ಯ ಎಂಬ ಮಾದಿಗರು ಚರ್ಮದ ವ್ಯಾಪಾರಿ. ಗುರುಗಳ ಬಳಿ ರಾಜಯೋಗ ಕಲಿತಿದ್ದರು, ಸತ್ಯ ಹುಡುಕುತ್ತಾ ಅಲೆದವರು. 1866ರಲ್ಲಿ ಕ್ರೈಸ್ತರಾಗಿ ಊರೂರು ತಿರುಗಿ ತಮ್ಮವರಿಗೆ ಹೇಳಿದರು. ಆ ವರ್ಷವೇ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಶನರಿ ಜಾನ್ ಕ್ಲೌ ಒಂಗೋಲಿನಲ್ಲಿ ನೆಲೆನಿಂತರು. ಅವರ ಶಾಲೆಗೆ ಮೇಲ್ಜಾತಿಯ ಹುಡುಗರು ಬರುತ್ತಿದ್ದರು. ಮಾದಿಗರು ಬಂದ ಮೇಲೆ, ಇವರಿದ್ದರೆ ನಾವಿಲ್ಲ ಅಂತ ಅವರ ಕಡೆಯವರು ಹೇಳಿದರು. ಕ್ಲೌ ದಂಪತಿಗಳು ಯೋಚನೆಗೆ ಬಿದ್ದರು. ಕೊನೆಗೆ ಮಾದಿಗರನ್ನು ಬಿಡಲಿಲ್ಲ. ಮೇಲಿನವರು ಎದ್ದು ಹೋದರು.

ಕ್ರೈಸ್ತರಾದ ಮಾದಿಗರು ಮಾಡಿದ್ದೇನು? ಸತ್ತ ದನದ ಮಾಂಸ ಬಿಟ್ಟರು. ಭಾನುವಾರ ಕೆಲಸಕ್ಕೆ ಬರುವುದಿಲ್ಲ ಎಂದರು. ಊರ ಹಬ್ಬಕ್ಕೆ ತಮಟೆ ಬಡಿಯುವುದಿಲ್ಲ ಎಂದರು. ಊರಿನವರು ಹೊಡೆದರು, ಕೆಲಸ ನಿಲ್ಲಿಸಿದರು. ನಮ್ಮ ಸಂಘಟನೆಯ ಗೆಳೆಯರಿಗೆ ಈ ಪಟ್ಟಿ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಎಪ್ಪತ್ತು ಎಂಬತ್ತರ ದಶಕದಲ್ಲಿ ಹೇಳಿದ್ದೂ ಇದನ್ನೇ, ತಿಂದ ಪೆಟ್ಟೂ ಇಂಥದೇ. ನೂರು ವರ್ಷ ಮೊದಲು ಬೈಬಲ್ ಹಿಡಿದು ಹೇಳಿದ್ದರು, ಅಷ್ಟೇ.

1876-78ರ ಬರಗಾಲದಲ್ಲಿ ಕ್ಲೌ ಬಕಿಂಗ್‌ಹ್ಯಾಂ ಕಾಲುವೆಯ ಒಂದು ಭಾಗ ತೋಡಿಸುವ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಟ್ಟರು. ಅನ್ನದ ಆಸೆಗೆ ಬಂದರು ಅನ್ನಿಸಿಕೊಳ್ಳಬಾರದು ಅಂತ ಆ ಅವಧಿಯಲ್ಲಿ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಪರಿಹಾರದ ಕೆಲಸ ಮುಗಿದ ಮೇಲೆ, 1878ರ ಜುಲೈ 3ರಂದು ಒಂದೇ ದಿನ 2,222 ಜನ ಗುಂಡ್ಲಕಮ್ಮ ನದಿಯಲ್ಲಿ ಮುಳುಗಿ ಎದ್ದರು. ಅಕ್ಕಿ ಕ್ರೈಸ್ತರು ಅಂತ ಹೀಯಾಳಿಸುವವರು ಈ ಲೆಕ್ಕ ನೋಡಬೇಕು. ಹಾಗೆ ನೋಡಿದರೆ, ಹಸಿದವನು ಅನ್ನ ಕೊಟ್ಟವನ ಕಡೆ ಹೋದರೆ ಅವಮಾನವಾಗಬೇಕಾದ್ದು ಯಾರಿಗೆ? ಹೋದವನಿಗೋ, ಸಾವಿರ ವರ್ಷ ಅನ್ನ ಕೊಡದವನಿಗೋ?

6

ಹಾಗಾದರೆ ದಲಿತ ವಿಮರ್ಶೆ ಮಿಶನರಿಯನ್ನು ಹೇಗೆ ಓದಬೇಕು? ಪೂಜೆಯೂ ಬೇಡ, ಬೈಗುಳವೂ ಬೇಡ. ಅವನು ಬರೆದಿಟ್ಟ ವರದಿಗಳೇ ನಮ್ಮ ಹಿರಿಯರ ಬಗ್ಗೆ ಉಳಿದಿರುವ ಬಹುಮುಖ್ಯ ಬರವಣಿಗೆ. ಆಳುವವರ ಕಡತದಲ್ಲಿ ನಾವು ತಲೆಲೆಕ್ಕ, ಪುರಾಣದಲ್ಲಿ ಶಾಪ, ಮಿಶನ್ ವರದಿಯಲ್ಲಿ ಆಗೀಗ ಹೆಸರಿರುವ ಮನುಷ್ಯರು. ಆದರೆ ಆ ವರದಿ ಬರೆದದ್ದು ದುಡ್ಡು ಕಳಿಸುವ ದೂರದೂರಿನ ಭಕ್ತರಿಗಾಗಿ. ಅಲ್ಲಿ ಕತ್ತಲೆ ಹೆಚ್ಚು ಕಪ್ಪಾಗಿ, ಬೆಳಕು ಹೆಚ್ಚು ಬೆಳ್ಳಗೆ ಇರುತ್ತದೆ. ಆದ್ದರಿಂದ ಓದುವಾಗ ಕೇಳಬೇಕು: ಯಾರ ಹೆಸರಿದೆ, ಯಾರದಿಲ್ಲ? 'ನಾನು ಉದ್ಧಾರ ಮಾಡಿದೆ' ಎಂಬ ವಾಕ್ಯದ ಹಿಂದೆ ತಾನಾಗಿ ನಡೆದುಬಂದ ಪೇರಯ್ಯ ಎಲ್ಲಿದ್ದಾರೆ? ಬಿಡುಗಡೆಯಾದದ್ದು ಯಾವುದರಿಂದ, ಹೊಸದಾಗಿ ಕಟ್ಟಿಹಾಕಿದ್ದು ಯಾವುದು?

ಅಂಬೇಡ್ಕರ್ ಈ ಪ್ರಶ್ನೆಗಳನ್ನು ನಮಗಿಂತ ಮೊದಲೇ ಕೇಳಿದ್ದರು. ಮಿಶನರಿಗಳ ಶಾಲೆ, ಆಸ್ಪತ್ರೆಯ ಸೇವೆಯನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಮೊದಮೊದಲು ಬ್ರಾಹ್ಮಣರನ್ನು ವಾದದಲ್ಲಿ ಗೆಲ್ಲಲು ಹೋಗಿ ಕಾಲ ಕಳೆದರೆಂದರು. ಕಷ್ಟಕ್ಕೆ ಮನುಷ್ಯನ ಪಾಪವೇ ಕಾರಣ ಅಂತ ಕಲಿಸಿದರೆ, ಕಷ್ಟ ಕೊಟ್ಟ ಸಮಾಜದ ವಿರುದ್ಧ ಅವನು ಹೇಗೆ ಎದ್ದುನಿಲ್ಲುತ್ತಾನೆ ಎಂದೂ ಕೇಳಿದರು. ಅವರು 1956ರಲ್ಲಿ ಬುದ್ಧನ ಕಡೆ ನಡೆದದ್ದರ ಹಿಂದೆ ಈ ಯೋಚನೆಯೂ ಇದೆ.

ಕೊನೆಗೆ ಒಂದು ಮಾತು. 1950ರ ರಾಷ್ಟ್ರಪತಿ ಆಜ್ಞೆ ಪರಿಶಿಷ್ಟ ಜಾತಿ ಎಂಬ ಗುರುತನ್ನು ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದನ್ನು ವಿಸ್ತರಿಸಿದರು. ಕ್ರೈಸ್ತರಾದ ದಲಿತರನ್ನು ಹೊರಗೇ ಇಟ್ಟರು. ಕಾನೂನು ಹೇಳುವುದು, ನೀನು ಜಾತಿ ಇಲ್ಲದ ಧರ್ಮಕ್ಕೆ ಹೋಗಿದ್ದೀಯ ಅಂತ. ಊರು ಹೇಳುವುದು, ನೀನು ಎಲ್ಲಿಗೆ ಹೋದರೂ ಅದೇ ಜಾತಿಯವನು ಅಂತ. ಎಷ್ಟೋ ಕಡೆ ಸಮಾಧಿಯ ಜಾಗದಲ್ಲೂ ಗೋಡೆ ಇದೆ.

ಶಿಬಿರದ ಆ ಹುಡುಗನಿಗೆ ಉತ್ತರ ಇಷ್ಟು: ನೀರು ಹೊತ್ತವರ ಹೆಸರನ್ನು ಯಾರೂ ಬರೆದಿಡಲಿಲ್ಲ ಕಣಪ್ಪ. ಆದರೆ ನಿನ್ನ ಕೇರಿಯಲ್ಲಿ ಎಂಬತ್ತು ದಾಟಿದ ಅಜ್ಜಿಯರು ಇನ್ನೂ ಇದ್ದಾರೆ. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತ ತಾಯಂದಿರ ಮಾತು ಕೇಳಿ ಬೆಳೆದವರು ಅವರಲ್ಲಿ ಇರಬಹುದು. ಕಾಗದ ತಗೊಂಡು ಹೋಗಿ ಕೂತು ಬರೆದುಕೋ. ಪಾದ್ರಿ ಬರೆಯದೆ ಬಿಟ್ಟ ಪುಟ ಅದು.